ಗುಳಿಗೆ ಡಬ್ಬಿ, ಗೋಡೆಯ ಪಟ್ಟಿ, ಮೊಬೈಲ್ ಅಲಾರಂ: ಸ್ಲೀವ್, ಬೈಪಾಸ್ ಆದವರಿಗೆ ಯಾವುದು ಒಗ್ಗುತ್ತದೆ?

ತೂಕ ಇಳಿಸುವ ಸರ್ಜರಿ (ಹೊಟ್ಟೆಯನ್ನು ಕತ್ತರಿಸಿ ಕಿರಿದಾಗಿಸುವ ಸ್ಲೀವ್, ಇಲ್ಲವೇ ಕಿರಿದಾಗಿಸಿದ ಹೊಟ್ಟೆಯನ್ನು ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ಬೈಪಾಸ್) ಆದಮೇಲೆ ದಿನಕ್ಕೆ ಎಂಟು-ಹತ್ತು ಗುಳಿಗೆ ನುಂಗಬೇಕಾಗುತ್ತದೆ. ನಿಜವಾದ ತೊಡಕು ಗುಳಿಗೆಗಳ ಎಣಿಕೆಯಲ್ಲಿಲ್ಲ, ಅವುಗಳ ನಡುವಿನ ಅಂತರದಲ್ಲಿದೆ. ಕ್ಯಾಲ್ಸಿಯಂ ಮತ್ತು ಕಬ್ಬಿಣ ಒಟ್ಟಿಗೆ ಹೊಟ್ಟೆಗೆ ಹೋದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎರಡರ ನಡುವೆ ಕನಿಷ್ಠ 2 ತಾಸು ಬಿಡಬೇಕು. ಥೈರಾಯ್ಡ್ ಗುಳಿಗೆ ಇದ್ದವರು ಅದಕ್ಕೂ ಇವೆರಡಕ್ಕೂ ನಡುವೆ 4 ತಾಸು ಬಿಡಬೇಕು. ದೇಹ ಒಂದು ಸಲಕ್ಕೆ ಚೆನ್ನಾಗಿ ಹೀರಿಕೊಳ್ಳುವ ಕ್ಯಾಲ್ಸಿಯಂ 500-600 ಮಿ.ಗ್ರಾಂ. ಮಾತ್ರ. ಹಾಗಾಗಿ ಸ್ಲೀವ್ ಮತ್ತು ಬೈಪಾಸ್ ಆದವರಿಗೆ ದಿನಕ್ಕೆ ಬೇಕಾದ 1,200ರಿಂದ 1,500 ಮಿ.ಗ್ರಾಂ. ಅನ್ನು ಮೂರು ಪಾಲು ಮಾಡಲೇಬೇಕು. ಈ ಅಂತರ ಕಾಯದ ಪದ್ಧತಿ ಎಷ್ಟೇ ಚಂದ ಇದ್ದರೂ ಕೆಲಸಕ್ಕೆ ಬಾರದು. ಹುಬ್ಬಳ್ಳಿ-ಧಾರವಾಡದಲ್ಲಿ ಸುಲಭವಾಗಿ ಸಿಗುವ ಸಾಮಾನಿನಲ್ಲೇ ನಾಲ್ಕು ಪದ್ಧತಿಗಳನ್ನು ಬಳಸಿ, ಈ ಒಂದೇ ಅಳತೆಗೋಲಿನಿಂದ ಇಲ್ಲಿ ಹೋಲಿಸಿದ್ದೇವೆ.

ಮೊದಲು ದಿನದ ಗಡಿಯಾರ ನೋಡೋಣ. ಬೆಳಿಗ್ಗೆ 5:30ಕ್ಕೆ ಬರೀ ನೀರಿನಲ್ಲಿ ಥೈರಾಯ್ಡ್ ಗುಳಿಗೆ. 7:30ಕ್ಕೆ, ನಾಷ್ಟಾಕ್ಕಿಂತ ಅರ್ಧ ತಾಸು ಮೊದಲು, ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್. 8ಕ್ಕೆ ನಾಷ್ಟಾ, ಜೊತೆಗೆ ಪಿತ್ತಕೋಶದಲ್ಲಿ ಕಲ್ಲಾಗದಿರಲೆಂದು ಮೊದಲ 6 ತಿಂಗಳು ಬರೆದುಕೊಡುವ ಅರ್ಸೋಡಿಯಾಕ್ಸಿಕೋಲಿಕ್ ಆ್ಯಸಿಡ್ 300 ಮಿ.ಗ್ರಾಂ. 10ಕ್ಕೆ ಮೊದಲ ಕ್ಯಾಲ್ಸಿಯಂ. 12:45ಕ್ಕೆ ಊಟ, 1:30ಕ್ಕೆ ಮಲ್ಟಿವಿಟಮಿನ್ ಮತ್ತು ಕಬ್ಬಿಣ. ಸಂಜೆ 5:30ಕ್ಕೆ ಎರಡನೇ ಕ್ಯಾಲ್ಸಿಯಂ, ರಾತ್ರಿ 8ಕ್ಕೆ ಊಟದೊಡನೆ ಮತ್ತೆ ಅರ್ಸೋ, 9:30ಕ್ಕೆ ಮೂರನೇ ಕ್ಯಾಲ್ಸಿಯಂ. ಒಟ್ಟು ಎಂಟು ಹೊತ್ತು. ಮಲ್ಟಿವಿಟಮಿನ್ ಅನ್ನು ನಾಷ್ಟಾದ ಜೊತೆಗೇ ನುಂಗಿಬಿಡುವವರು ಬಹಳ; ಆದರೆ ಅದರಲ್ಲೂ ಕಬ್ಬಿಣ ಇರುತ್ತದೆ, ಎಷ್ಟೋ ಸಲ ಕ್ಯಾಲ್ಸಿಯಂ ಕೂಡ. ಬೆಳಗಿನ ಥೈರಾಯ್ಡ್ ಗುಳಿಗೆಯಿಂದ ಅದು 4 ತಾಸು ದೂರ ಇರಬೇಕು, ಅದಕ್ಕೇ ಮಧ್ಯಾಹ್ನಕ್ಕೆ ಹಾಕಿದ್ದು. ಊಟ ಆದಮೇಲೆ ಅರ್ಧ ತಾಸು ಏನೂ ಕುಡಿಯಬಾರದೆಂಬ ನಿಯಮವೂ 1:30ಕ್ಕೆ ಮುಗಿದಿರುತ್ತದೆ. ನಮ್ಮ ಕಡೆ ಊಟದ ಕೊನೆಗೆ ಮಜ್ಜಿಗೆ ಬೇಕೇ ಬೇಕು, ಅದರ ಹಿಂದೆಯೇ ಚಹಾ. ಎರಡೂ ಕಬ್ಬಿಣಕ್ಕೆ ಅಡ್ಡಿ. ಮಜ್ಜಿಗೆಯನ್ನೂ ಚಹಾವನ್ನೂ 4ರ ಮೇಲಕ್ಕೆ ದೂಡಿದರೆ ಸಾಕು, ಬಿಡಬೇಕಾಗಿಲ್ಲ. ಥೈರಾಯ್ಡ್ ಗುಳಿಗೆ ಇಲ್ಲದವರಿಗೆ ಈ ಗಡಿಯಾರ ಬಹಳ ಸಡಿಲ.

ವಾರದ ಡಬ್ಬಿ

ಏಳು ದಿನ, ದಿನಕ್ಕೆ ನಾಲ್ಕು ಮನೆ, ಒಟ್ಟು 28 ಮನೆಯ ಪ್ಲಾಸ್ಟಿಕ್ ಡಬ್ಬಿ ದೊಡ್ಡ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಅದರ ದೊಡ್ಡ ಗುಣ ಒಂದೇ: ಗುಳಿಗೆ ತೆಗೆದುಕೊಂಡೆನೋ ಇಲ್ಲವೋ ಎಂಬ ಅನುಮಾನ ಬಂದಾಗ ಮನೆ ಖಾಲಿ ಇದೆಯೋ ತುಂಬಿದೆಯೋ ನೋಡಿದರೆ ಗೊತ್ತಾಗಿಬಿಡುತ್ತದೆ. ಉಳಿದ ಯಾವ ಪದ್ಧತಿಯಲ್ಲೂ ಈ ಖಾತ್ರಿ ಇಲ್ಲ.

ಆದರೆ ನಾಲ್ಕು ಮನೆಯ ಡಬ್ಬಿಯಲ್ಲಿ ಎಂಟು ಹೊತ್ತು ಹಿಡಿಸುವುದಿಲ್ಲ. ‘ಬೆಳಿಗ್ಗೆ’ ಎಂಬ ಒಂದೇ ಮನೆಗೆ ಥೈರಾಯ್ಡ್, ಪ್ಯಾಂಟೊಪ್ರಜೋಲ್, ಅರ್ಸೋ, ಕ್ಯಾಲ್ಸಿಯಂ ನಾಲ್ಕನ್ನೂ ಹಾಕಿಟ್ಟರೆ, ಅವಸರದ ದಿನ ಎಲ್ಲವನ್ನೂ ಅಂಗೈಗೆ ಸುರಿದು ನುಂಗಿಬಿಡುವುದು ಖಂಡಿತ. ಆಗ ಡಬ್ಬಿಯೇ ತಪ್ಪು ಮಾಡಿಸಿದಂತಾಗುತ್ತದೆ. ಪರಿಹಾರ ಸುಲಭ, ಎರಡು ಜಾತಿಯ ಗುಳಿಗೆಗಳನ್ನು ಡಬ್ಬಿಯಿಂದ ಹೊರಗಿಡಿ. ಥೈರಾಯ್ಡ್ ಗುಳಿಗೆಗೆ ಬೆಳಕು, ತೇವ, ಸೆಕೆ ಮೂರೂ ಆಗುವುದಿಲ್ಲ. ಅದು ತನ್ನ ಬಾಟಲಿಯಲ್ಲೇ ಹಾಸಿಗೆಯ ಪಕ್ಕ ಇರಲಿ. ಕ್ಯಾಲ್ಸಿಯಂಗೆ ಬೇರೆಯೇ ಒಂದು ಸಣ್ಣ ಡಬ್ಬಿ ಮಾಡಿ, ರಾತ್ರಿ ಮಲಗುವಾಗ ಮರುದಿನದ ಮೂರನ್ನು ಎಣಿಸಿ ಹಾಕಿ. ಮರುದಿನ ರಾತ್ರಿ ಅದರಲ್ಲಿ ಒಂದು ಉಳಿದಿದ್ದರೆ ಒಂದು ಹೊತ್ತು ತಪ್ಪಿದೆ ಎಂದರ್ಥ. ತಪ್ಪಿದ್ದನ್ನು ಮುಂದಿನದರ ಜೊತೆ ಸೇರಿಸಿ ಎರಡು ನುಂಗಬೇಡಿ. ಇಷ್ಟಾದಮೇಲೆ ದೊಡ್ಡ ಡಬ್ಬಿಯ ನಾಲ್ಕು ಮನೆಗೆ ಪ್ಯಾಂಟೊಪ್ರಜೋಲ್, ಬೆಳಗಿನ ಅರ್ಸೋ, ಮಧ್ಯಾಹ್ನದ ಜೋಡಿ, ರಾತ್ರಿಯ ಅರ್ಸೋ ಬರೋಬ್ಬರಿ ಕೂಡುತ್ತವೆ.

ತುಂಬುವಾಗ ಒಂದು ವಾರದ್ದಷ್ಟೇ ತುಂಬಿ. ತೂಕ ಇಳಿದಂತೆ ಸಕ್ಕರೆ ಮತ್ತು ಬಿಪಿ ಗುಳಿಗೆಗಳ ಪ್ರಮಾಣ ಬೇಗ ಬೇಗ ಇಳಿಯುತ್ತದೆ. ಡಾಕ್ಟರು ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ನಿಲ್ಲಿಸಿ ಅಂದ ದಿನವೂ ಮನೆಯ ಡಬ್ಬಿಯಲ್ಲಿ ಹಳೆಯ ಲೆಕ್ಕದ ಗುಳಿಗೆ ಕೂತಿರುತ್ತದೆ, ಮರುದಿನ ಬೆಳಿಗ್ಗೆ ಕೈ ರೂಢಿಯಂತೆ ಅದನ್ನೇ ಬಾಯಿಗೆ ಹಾಕುತ್ತದೆ, ಸಕ್ಕರೆ ಕುಸಿಯುತ್ತದೆ. ಚೀಟಿ ಬದಲಾದ ದಿನವೇ ಡಬ್ಬಿ ಪೂರ್ತಿ ಸುರಿದು ಮತ್ತೆ ತುಂಬಬೇಕು.

ಹವೆಯ ಕಡೆಗೂ ಗಮನ ಬೇಕು. ಏಪ್ರಿಲ್-ಮೇ ಸೆಕೆಯಲ್ಲಿ ಜೆಲ್ ಕ್ಯಾಪ್ಸೂಲ್‌ಗಳು ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ. ಧಾರವಾಡದ ಜುಲೈ ಮಳೆಯಲ್ಲಿ ಸಕ್ಕರೆ ಲೇಪದ ಬಿ-ಕಾಂಪ್ಲೆಕ್ಸ್ ಬೆವೆತು ಚುಕ್ಕಿ ಬೀಳುತ್ತದೆ. ಬಾಯಲ್ಲಿ ಕರಗುವ ಬಿ12 ಗುಳಿಗೆಯಂತೂ ಸ್ಟ್ರಿಪ್ಪಿನಿಂದ ಬಿಡಿಸಿಟ್ಟರೆ ತೇವ ಹೀರಿ ಹಾಳಾಗುತ್ತದೆ. ಅಂಥವನ್ನು ಸ್ಟ್ರಿಪ್ಪಿನಲ್ಲೇ ಬಿಡಿ. ಸ್ಟ್ರಿಪ್ಪನ್ನು ಕತ್ತರಿಯಿಂದ ಚೌಕ ಚೌಕ ಕತ್ತರಿಸಿ ಡಬ್ಬಿಗೆ ಹಾಕುವುದು ಮಾತ್ರ ಬೇಡ; ವಯಸ್ಸಾದವರು ಆ ಚೂಪಾದ ತುಂಡನ್ನೇ ನುಂಗುವ ಅಪಾಯವಿದೆ. ಡಬ್ಬಿ ಕೊಳ್ಳುವಾಗ ದಿನದ ಪಟ್ಟಿ ಬಿಡಿಯಾಗಿ ಹೊರಬರುವಂಥದ್ದನ್ನು, ಮುಚ್ಚಳ ಟಕ್ ಎಂದು ಕೂರುವಂಥದ್ದನ್ನು ಆರಿಸಿ. ಸಡಿಲ ಮುಚ್ಚಳದ್ದು ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ನೂಕುನುಗ್ಗಲಿನಲ್ಲಿ ಚೀಲದೊಳಗೇ ಬಿಚ್ಚಿಕೊಳ್ಳುತ್ತದೆ.

ಸ್ಟ್ರಿಪ್ ಚೀಲ ಮತ್ತು ಗೋಡೆಯ ಪಟ್ಟಿ

ಎಲ್ಲ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿಟ್ಟು, ಅಡುಗೆಮನೆಯ ಗೋಡೆಗೆ ಹೊತ್ತಿನ ಪಟ್ಟಿ ಅಂಟಿಸಿ, ತೆಗೆದುಕೊಂಡಾಗೆಲ್ಲ ಗುರುತು ಹಾಕುವುದು. ಖರ್ಚಿಲ್ಲ, ಗುಳಿಗೆಯ ಹೆಸರು ಮತ್ತು ಅವಧಿ ಮುಗಿಯುವ ತಾರೀಖು ಸದಾ ಕಣ್ಣೆದುರು ಇರುತ್ತದೆ. ಪ್ರಮಾಣ ವಾರವಾರಕ್ಕೆ ಬದಲಾಗುವ ಮೊದಲ ಎರಡು ತಿಂಗಳಿಗೆ ನಮ್ಮ ಆಯ್ಕೆ ಇದೇ. ಆಮೇಲೆ ಮಾತ್ರ ಇದು ಸೋಲುತ್ತದೆ. ಗುಳಿಗೆ ತೆಗೆದುಕೊಂಡು ಗುರುತು ಹಾಕುವುದು ಮರೆಯುತ್ತದೆ, ಅಥವಾ ಗುರುತು ಹಾಕಿ ಗುಳಿಗೆ ಮರೆಯುತ್ತದೆ. ದಿನಾ ಮನೆಯಿಂದ ಹೊರಗೆ ದುಡಿಯುವವರಿಗಂತೂ ಪಟ್ಟಿ ಒಂದು ಊರಲ್ಲಿ, ಚೀಲ ಇನ್ನೊಂದು ಊರಲ್ಲಿ. ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುವಾಗ ತಾರೀಖು ಅಚ್ಚಾದ ತುದಿಯೇ ಬೇಕೆಂದು ಕೇಳಿ ಪಡೆಯಿರಿ.

ಇದರದೇ ತಮ್ಮನೆನ್ನಬಹುದಾದ ಮೂರನೇ ಪದ್ಧತಿ, ಹೊತ್ತಿಗೊಂದರಂತೆ ಕಾಗದದ ಪೊಟ್ಟಣ ಕಟ್ಟುವುದು. ಒಂದು ದಿನದ ಪ್ರವಾಸಕ್ಕೆ, ಮದುವೆ ಮನೆಗೆ ಸರಿ. ದಿನನಿತ್ಯಕ್ಕಲ್ಲ. ಪೊಟ್ಟಣದೊಳಗೆ ಬಿಳಿ ಗುಳಿಗೆಗಳೆಲ್ಲ ಒಂದೇ ತರಹ ಕಾಣುತ್ತವೆ.

ಮೊಬೈಲ್

ಅಲಾರಂ ಹೊತ್ತನ್ನು ಕಾಯುತ್ತದೆ, ಗುಳಿಗೆಯನ್ನು ಕಾಯುವುದಿಲ್ಲ. ಬಸ್ಸಿನಲ್ಲಿ, ಮೀಟಿಂಗಿನಲ್ಲಿ ಬಡಿದಾಗ ಒತ್ತಿ ಸುಮ್ಮನಾಗಿಸಿದರೆ ಅಲ್ಲಿಗೆ ಮುಗಿಯಿತು. ಗುಳಿಗೆಗಳಿಗೆಂದೇ ಇರುವ ಆ್ಯಪ್‌ಗಳು ‘ತೆಗೆದುಕೊಂಡೆ’ ಎಂದು ಒತ್ತುವವರೆಗೆ ಮತ್ತೆ ಮತ್ತೆ ನೆನಪಿಸುತ್ತವೆ ನಿಜ, ಆದರೆ ಎಂಟು ಹೊತ್ತಿಗೂ ಬಡಿಯತೊಡಗಿದರೆ ವಾರದೊಳಗೆ ಕಿವಿ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಊಟಕ್ಕೆ ಹೊಂದಿಕೊಂಡ ಗುಳಿಗೆಗಳಿಗೆ ಊಟವೇ ನೆನಪು, ಅಲಾರಂ ಬೇಡ. 10, 1:30, 5:30, 9:30 ಈ ನಾಲ್ಕಕ್ಕೆ ಮಾತ್ರ ಇಡಿ. ಅಲಾರಂಗೆ ‘ಔಷಧ’ ಎಂದಷ್ಟೇ ಹೆಸರು ಕೊಡಬೇಡಿ; ‘ಕ್ಯಾಲ್ಸಿಯಂ 2’, ‘ಕಬ್ಬಿಣ, ಚಹಾ ಬೇಡ’ ಎಂದು ಬರೆಯಿರಿ.

ನಮ್ಮ ತೀರ್ಪು ಹೀಗೆ: ಮೊದಲ ಎರಡು ತಿಂಗಳು ಸ್ಟ್ರಿಪ್ ಚೀಲ ಮತ್ತು ಪಟ್ಟಿ, ಆಮೇಲೆ ವಾರದ ಡಬ್ಬಿ, ಅದರ ಪಕ್ಕ ಕ್ಯಾಲ್ಸಿಯಂನ ಸಣ್ಣ ಡಬ್ಬಿ, ಜೊತೆಗೆ ನಾಲ್ಕು ಅಲಾರಂ. ಮೊಬೈಲ್ ಒಂದನ್ನೇ ನಂಬುವುದು ಎಲ್ಲಕ್ಕಿಂತ ದುರ್ಬಲ ದಾರಿ.

ಡಬ್ಬಿಯೊಳಗೆ ಏನು?

ಕ್ಯಾಲ್ಸಿಯಂನಲ್ಲಿ ಎರಡು ಬಗೆ. ಕಾರ್ಬೊನೇಟ್ ಅಗ್ಗ, ಎಲ್ಲೆಲ್ಲೂ ಸಿಗುತ್ತದೆ, ಆದರೆ ಅದು ಕರಗಲು ಹೊಟ್ಟೆಯ ಆಮ್ಲ ಬೇಕು, ಊಟದ ಜೊತೆಗೇ ಆಗಬೇಕು. ಸರ್ಜರಿಯಿಂದ ಆಮ್ಲ ಕಡಿಮೆಯಾಗಿರುತ್ತದೆ, ಮೇಲಿಂದ ಪ್ಯಾಂಟೊಪ್ರಜೋಲ್ ಬೇರೆ. ಸಿಟ್ರೇಟ್‌ಗೆ ಆಮ್ಲದ ಹಂಗಿಲ್ಲ, ಊಟದ ಹಂಗೂ ಇಲ್ಲ. ಮೇಲಿನ ಗಡಿಯಾರ ನಡೆಯುವುದೇ ಸಿಟ್ರೇಟ್‌ನಿಂದ. ಶ್ರಾವಣ ಸೋಮವಾರದ ಒಪ್ಪತ್ತಿನ ದಿನವೂ ಅದು ತಪ್ಪುವುದಿಲ್ಲ. ಬೆಲೆ ಹೆಚ್ಚಾದರೂ ನಮ್ಮ ಓಟು ಅದಕ್ಕೇ. ಲೇಬಲ್ ಓದುವಾಗ ಮಾತ್ರ ಎಚ್ಚರ. ‘ಕ್ಯಾಲ್ಸಿಯಂ ಕಾರ್ಬೊನೇಟ್ 1,250 ಮಿ.ಗ್ರಾಂ.’ ಎಂದರೆ ನಿಜವಾದ ಕ್ಯಾಲ್ಸಿಯಂ 500. ‘ಕ್ಯಾಲ್ಸಿಯಂ ಸಿಟ್ರೇಟ್ 1,000 ಮಿ.ಗ್ರಾಂ.’ ಎಂದರೆ ಸುಮಾರು 210 ಮಾತ್ರ. ಹೊರಗಿನ ದೊಡ್ಡ ಅಂಕಿ ನೋಡಿ ದಿನಕ್ಕೆ ಒಂದೇ ಸಾಕೆಂದುಕೊಂಡರೆ ಮೂಳೆ ಸವೆಯುತ್ತದೆ. ‘ಎಲಿಮೆಂಟಲ್’ ಎಂದು ಬರೆದ ಅಂಕಿಯನ್ನಷ್ಟೇ ಕೂಡಿಸಿ. ಗುಳಿಗೆಯೊಂದಕ್ಕೆ 210-250 ಇದ್ದರೆ ಒಂದು ಹೊತ್ತಿಗೆ ಎರಡು ಬೇಕಾಗುತ್ತದೆ, ಸಣ್ಣ ಡಬ್ಬಿಗೆ ಮೂರರ ಬದಲು ಆರು.

ಕಬ್ಬಿಣದ ಲೆಕ್ಕವೂ ಎಲಿಮೆಂಟಲ್‌ನಲ್ಲೇ: ಮುಟ್ಟಾಗುವ ಹೆಣ್ಣುಮಕ್ಕಳಿಗೆ, ಸ್ಲೀವ್ ಅಥವಾ ಬೈಪಾಸ್ ಆದವರಿಗೆ ದಿನಕ್ಕೆ 45ರಿಂದ 60 ಮಿ.ಗ್ರಾಂ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಕಬ್ಬಿಣದ್ದು. ಕಪ್ಪಾಗಿ ಡಾಂಬರಿನಂತೆ ಅಂಟಂಟಾಗಿದ್ದರೆ ಮಾತ್ರ ಕೂಡಲೇ ತೋರಿಸಿ.

ಬಿ12ಗೆ ಬಾಯಿಂದ ದಿನಕ್ಕೆ 350-1,000 ಮೈಕ್ರೊಗ್ರಾಂ, ಇಲ್ಲವೇ ತಿಂಗಳಿಗೊಂದು 1,000 ಮೈಕ್ರೊಗ್ರಾಂ ಇಂಜೆಕ್ಷನ್. ನಿಯಮಿತವಾಗಿ ನುಂಗುವವರಿಗೆ ಎರಡೂ ನಡೆಯುತ್ತದೆ. ಸಸ್ಯಾಹಾರಿಗಳಾಗಿ, ಮೇಲಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಸರ್ಜರಿಗೆ ಮೊದಲೇ ಬಿ12 ಕಡಿಮೆ ಇರುವ ಸಂಭವ ಹೆಚ್ಚು. ಅಂಥವರಿಗೆ ಇಂಜೆಕ್ಷನ್ನೇ ವಾಸಿ, ಏಕೆಂದರೆ ಅಲ್ಲಿ ಮರೆವಿಗೆ ಜಾಗವಿಲ್ಲ.

ಡಿ ವಿಟಮಿನ್‌ನ 60,000 ಐ.ಯು. ಪೊಟ್ಟಣ ಅಥವಾ ಕ್ಯಾಪ್ಸೂಲನ್ನು ವಾರಕ್ಕೊಂದು ಎಂದು ಬರೆದುಕೊಟ್ಟಿದ್ದರೆ ಅದನ್ನು ಎಂದೂ ದಿನದ ಗುಳಿಗೆಗಳ ಜೊತೆ ಬೆರೆಸಬೇಡಿ. ಕ್ಯಾಲೆಂಡರಿನ ಭಾನುವಾರಗಳ ಮೇಲೆ ಒಂದೊಂದನ್ನೇ ಪಿನ್ ಮಾಡಿಡಿ. ತಪ್ಪಿ ದಿನಾ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳುತ್ತದೆ.

ಮೊದಲ ವಾರಗಳಲ್ಲಿ ಅಗಿಯುವ ಗುಳಿಗೆ, ಸಿರಪ್, ಪುಡಿ ಮಾಡಿದ ಗುಳಿಗೆ ಈ ಮೂರರಲ್ಲಿ ಅಗಿಯುವುದೇ ಮೇಲು. ಬೈಪಾಸ್ ಆದವರಿಗೆ ಸಕ್ಕರೆ ಪಾಕದ ಸಿರಪ್‌ನಿಂದ ಡಂಪಿಂಗ್ (ಸಿಹಿ ಸರ್ರನೆ ಕರುಳಿಗೆ ಇಳಿದು ಆಗುವ ತೊಂದರೆ) ಆಗಬಹುದು: ಬೆವರು, ಎದೆಬಡಿತ, ಭೇದಿ. ಪುಡಿ ಮಾಡುವ ಮೊದಲು ಹೆಸರಿನ ಹಿಂದೆ ಎಸ್‌ಆರ್, ಎಕ್ಸ್‌ಆರ್, ಇಆರ್ ಇದೆಯೇ ನೋಡಿ. ಇದ್ದರೆ ಕುಟ್ಟಬೇಡಿ, ಇಡೀ ದಿನದ ಔಷಧ ಒಮ್ಮೆಲೇ ಬಿಡುಗಡೆಯಾಗುತ್ತದೆ. ಸಾದಾ ರೂಪಕ್ಕೆ ಬದಲಿಸಲು ಡಾಕ್ಟರಿಗೇ ಹೇಳಿ. ಪ್ಯಾಂಟೊಪ್ರಜೋಲ್ ಗುಳಿಗೆಯನ್ನೂ ಕುಟ್ಟಬಾರದು, ಅದರ ಲೇಪವೇ ಅದನ್ನು ಆಮ್ಲದಿಂದ ಕಾಯುವುದು. ಜೆಲ್ಲಿಯಂಥ ಗಮ್ಮಿಗಳಲ್ಲಿ ಸಾಮಾನ್ಯವಾಗಿ ಕಬ್ಬಿಣವೇ ಇರುವುದಿಲ್ಲ, ಚರ್ಮಕ್ಕೆ ಅಂಟಿಸುವ ಪ್ಯಾಚ್‌ಗಳನ್ನು ನಂಬಲು ಸಾಕಷ್ಟು ಆಧಾರವಿಲ್ಲ. ಎರಡನ್ನೂ ಬಿಡಿ.

ಡಬ್ಬಿಗೆ ಎಂದೂ ಸೇರಬಾರದ್ದು ನೋವಿನ ಗುಳಿಗೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸಿಕ್ಲೊಫೆನಾಕ್ ಬೈಪಾಸ್‌ನ ಜೋಡಣೆಯಲ್ಲಿ ಹುಣ್ಣು ಮಾಡುತ್ತವೆ. ಸ್ಲೀವ್ ಆದವರಿಗೂ ದೂರವಿದ್ದಷ್ಟು ಒಳ್ಳೆಯದು. ಮೊಣಕಾಲು ನೋವೆಂದು ಕೇಳಿದರೆ ಅಂಗಡಿಯವರು ಕೊಡುವುದು ಬಹಳ ಸಲ ಅಸಿಕ್ಲೊಫೆನಾಕ್ ಮತ್ತು ಪ್ಯಾರಸಿಟಮಾಲ್ ಬೆರೆತದ್ದು. ಸ್ಟ್ರಿಪ್ ತಿರುಗಿಸಿ ಹಿಂದೆ ಓದಿ, ಪ್ಯಾರಸಿಟಮಾಲ್ ಒಂದೇ ಇರುವುದನ್ನು ತೆಗೆದುಕೊಳ್ಳಿ.

ಎರಡು ಮೂರು ದಿನ ವಾಂತಿ ನಿಲ್ಲದೆ ಗುಳಿಗೆ ಒಳಗೆ ನಿಲ್ಲದಿದ್ದರೆ ಡಬ್ಬಿಯ ಲೆಕ್ಕ ಬಿಟ್ಟು ಆಸ್ಪತ್ರೆಗೆ ಹೋಗಿ. ಬಿ1 ವಿಟಮಿನ್ (ಥಯಮಿನ್) ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ಕಣ್ಣು ಮಂಜಾಗುವುದು, ನಡಿಗೆ ತೂರಾಡುವುದು, ಗೊಂದಲ ಅದರ ಗುರುತು. ಹೊಟ್ಟೆಯ ಸರ್ಜರಿ ಆಗಿದೆ, ಗ್ಲೂಕೋಸ್ ಏರಿಸುವ ಮೊದಲು ಥಯಮಿನ್ ಕೊಡಿ ಎಂದು ಡ್ಯೂಟಿ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಸರ್ಜರಿಯ ಹೆಸರು ಮತ್ತು ಗುಳಿಗೆಗಳ ಪಟ್ಟಿ ಇರುವ ಚೀಟಿಯೊಂದನ್ನು ಡಬ್ಬಿಯ ಕೆಳಗೆ ಅಂಟಿಸಿಟ್ಟಿದ್ದರೆ, ಜೊತೆಗೆ ಬಂದವರೂ ಅದನ್ನು ತೋರಿಸಬಹುದು.