ತಿಪಟೂರಿನ ಮೆಟ್ಟಿಲು ಸೈಬರ್: ಸ್ಕಾಲರ್‌ಶಿಪ್ ಅರ್ಜಿಗೆ 100 ರೂಪಾಯಿ, ಐದಕ್ಕೆ ನಾಲ್ಕು ಸ್ಟಾರ್

ಬಸ್ ಸ್ಟ್ಯಾಂಡ್ ಹತ್ತಿರ ಗೊಬ್ಬರದ ಅಂಗಡಿ ಮೇಲಿದೆ. ಬೋರ್ಡು ಬಿಸಿಲಿಗೆ ಮಾಸಿ ಹೆಸರೇ ಓದೋಕಾಗಲ್ಲ, ಎಲ್ಲರೂ ಮೆಟ್ಟಿಲು ಸೈಬರ್ ಅಂತಾರೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ನಡೆಸೋಳು ಒಬ್ಬಳೇ ಹುಡುಗಿ. ಮಗಳ ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿಗೆ ಹೋದ ವರ್ಷ, ಈ ವರ್ಷ ಇಲ್ಲಿಗೇ ಹೋಗಿದ್ದು.

ಬಿ.ಕಾಂ. ಮೊದಲ ವರ್ಷ ಬೇರೆ ಕಡೆ ಹಾಕಿಸಿದ್ವಿ. ಹತ್ತು ನಿಮಿಷಕ್ಕೆ "ಆಯ್ತಮ್ಮ" ಅಂದು 150 ರೂಪಾಯಿ ಇಸ್ಕೊಂಡು ಪ್ರಿಂಟ್ ಕೈಗಿಟ್ರು. ಮಾರನೇ ವರ್ಷ ಲಾಗಿನ್ ಮಾಡೋಣ ಅಂದ್ರೆ ಪಾಸ್‌ವರ್ಡ್ ಗೊತ್ತಿಲ್ಲ, ಓಟಿಪಿ ಹೋಗೋದು ಅವರ ಅಂಗಡಿ ಮೊಬೈಲಿಗೆ! ಹೊಲಿಗೆ ಬಿಟ್ಟು ಅವರ ಬಾಗಿಲಲ್ಲಿ ನಿಂತು ಓಟಿಪಿ ಬೇಡಿ ತಂದಿದ್ದೀನಿ. ಆ ವರ್ಷದ ದುಡ್ಡೂ ನಮ್ಮ ಕೈಗೆ ಬಂದಿರಲಿಲ್ಲ. ಸ್ಟೇಟಸ್ ನೋಡಿದ್ರೆ ಜಮಾ ಆಗಿದೆ ಅಂತಲೇ ತೋರಿಸೋದು.

ಈ ಹುಡುಗಿ ಮೊದಲ ದಿನ ಫಾರ್ಮ್ ತೆರೆಯಲೇ ಇಲ್ಲ. ಕಾಗದಗಳನ್ನ ಸಾಲಾಗಿ ಹರಡಿ, ಸ್ಕೇಲ್ ಇಟ್ಟು ಒಂದೊಂದೇ ಸಾಲು ಓದಿದಳು. ಜಾತಿ ಆದಾಯ ಪ್ರಮಾಣಪತ್ರದ ಮೇಲೆ ಸ್ಕೇಲ್ ನಿಂತಿತು. ಅದರ ಅವಧಿ 5 ವರ್ಷ, ಮುಗಿಯೋಕೆ 11 ದಿನ ಬಾಕಿ. "ಅಕ್ಕಾ, ಇವತ್ತು ಹಾಕಿದ್ರೆ ತಗೊಳ್ಳುತ್ತೆ, ಆಮೇಲೆ ತೊಂದ್ರೆ ಆಗ್ಬಹುದು. ನಾಡಕಚೇರೀಲಿ ಹೊಸ ಪ್ರಮಾಣಪತ್ರ, ಅದರ ಮೇಲಿರೋ ಆರ್‌ಡಿ ನಂಬರ್ ಮಾಡಿಸ್ಕೊಂಡೇ ಬನ್ನಿ" ಅಂದು ವಾಪಸ್ ಕಳಿಸಿದಳು. ಒಂದು ಪೈಸೆ ತಗೊಳ್ಳಲಿಲ್ಲ.

ಎರಡನೇ ಸಲ ಹೋದಾಗ ನಾನು ಪಾಸ್‌ಬುಕ್ ತೆಗೆದೆ. "ಅದು ಒಳಗಿಡಿ ಅಕ್ಕ, ಪೋರ್ಟಲ್ ಅಕೌಂಟ್ ನಂಬರ್ ಕೇಳೋದೇ ಇಲ್ಲ." ದುಡ್ಡು ಬರೋದು ಆಧಾರ್ ಹಿಡಿದು. ಬ್ಯಾಂಕುಗಳ ನಡುವೆ ದುಡ್ಡು ಕಳಿಸೋ ವ್ಯವಸ್ಥೆ ನೋಡ್ಕೊಳ್ಳೋ ಎನ್‌ಪಿಸಿಐ ಸಂಸ್ಥೆಯಲ್ಲಿ ಆ ಆಧಾರಿಗೆ ಯಾವ ಬ್ಯಾಂಕ್ ಕೂತಿದೆಯೋ ಅಲ್ಲಿಗೇ ಹೋಗುತ್ತೆ, ಕೂರೋದೂ ಒಂದೇ ಬ್ಯಾಂಕ್. ಮಗಳ ಓಟಿಪಿ ಹಾಕಿ ಆಧಾರ್ ವೆಬ್‌ಸೈಟಲ್ಲಿ ನೋಡಿದ್ರೆ ನಾವು ಮೆಟ್ಟಿಲೇ ಹತ್ತದ ಬ್ಯಾಂಕಿನ ಹೆಸರು! ಯಾವಾಗಲೋ ಸಿಮ್ ತಗೊಳ್ಳುವಾಗ ಹೆಬ್ಬೆಟ್ಟು ಒತ್ತಿಸಿಕೊಂಡು ಖಾತೆ ತೆರೆದುಬಿಟ್ಟಿದ್ರು. ಹಾಸ್ಟೆಲ್ ಸಿಗದೆ ತುಮಕೂರಲ್ಲಿ ರೂಮ್ ಮಾಡಿಕೊಂಡಿರೋ ಮಗಳ ವಿದ್ಯಾಸಿರಿ (ಊಟ, ವಸತಿಗೆ ಸರ್ಕಾರ ಕೊಡೋ ಸಹಾಯ) ದುಡ್ಡು, ತಿಂಗಳಿಗೆ 1,500ರಂತೆ 10 ತಿಂಗಳದ್ದು, 15,000 ರೂಪಾಯಿ ಅಲ್ಲೇ ತಣ್ಣಗೆ ಕೂತಿತ್ತು. ನಾನು ಆ ರೂಮ್ ಬಾಡಿಗೆಗೆ ಚೀಟಿ ಎತ್ತಿದ್ದೆ.

ಹಳೇ ರಸೀದಿ ಹಿಂದೆ ಅವಳೇ ಬರೆದುಕೊಟ್ಟಳು: "ಎನ್‌ಪಿಸಿಐ ಮ್ಯಾಪಿಂಗ್". ಬ್ಯಾಂಕಲ್ಲಿ ಬರೀ ಆಧಾರ್ ಲಿಂಕ್ ಅಂದ್ರೆ "ಆಗಿದೆ" ಅಂತಾರೆ, ಈ ಮಾತೇ ಹೇಳಬೇಕಂತೆ. ಹೇಳಿದೆ, ಒಂದು ಫಾರ್ಮ್ ಕೊಟ್ಟರು, ಆಯ್ತು. ಸೈಬರಲ್ಲಿ ಪಾಸ್‌ವರ್ಡ್ ಹಾಕುವಾಗ ಹುಡುಗಿ ಕೀಬೋರ್ಡ್ ಮಗಳ ಕಡೆ ತಳ್ಳಿ ತಾನು ಮುಖ ತಿರುಗಿಸಿ ಕೂತಳು. ಮೊಬೈಲ್ ನಂಬರೂ ಮಗಳದೇ ಹಾಕಿಸಿದಳು.

ನನ್ನ ತಂಗಿ ಮಗಳು ಈ ವರ್ಷ ಡಿಗ್ರಿ ಸೇರಿದ್ದಾಳೆ, ಸ್ಕೂಲು ಪಿಯು ಎರಡೂ ಸರ್ಕಾರಿಯಲ್ಲೇ. ಅಂಥ ಹೆಣ್ಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತೆ, ಫಸ್ಟ್ ಇಯರಲ್ಲೇ ಹಾಕಬೇಕು ಅಂತ ನಾವು ಕೇಳದೇನೇ ಸೈಬರ್ ಹುಡುಗಿ ಹೇಳಿದಳು. "ಅದಕ್ಕೆ ಫೀಸಿಲ್ಲ, ಮೊಬೈಲಲ್ಲೇ ಹಾಕ್ಕೊಳ್ಳಿ, ನನಗ್ಯಾಕೆ ದುಡ್ಡು" ಅಂತಲೂ ಅಂದಳು. ವ್ಯಾಪಾರ ಹೀಗೆ ಮಾಡಿದ್ರೆ ಬಾಡಿಗೆ ಹೆಂಗೆ ಕಟ್ತಾಳೋ!

ಒಂದು ಸ್ಟಾರ್ ಯಾಕೆ ಕಡಿಮೆ? ಕೂರೋಕೆ ಜಾಗ ಇಲ್ಲ. ಕೊನೇ ದಿನಾಂಕ ಹತ್ತಿರ ಬಂತು ಅಂದ್ರೆ ಕ್ಯೂ ಮೆಟ್ಟಿಲು ಇಳಿದು ಗೊಬ್ಬರದ ಮೂಟೆಗಳ ಪಕ್ಕ ಬರುತ್ತೆ, ಆ ವಾಸನೇಲಿ ಎರಡು ಗಂಟೆ ನಿಂತಿದ್ದೀನಿ. ಫೋನ್ ಮಾಡಿದ್ರೆ ಎತ್ತಲ್ಲ. ಜೆರಾಕ್ಸ್ ಒಂದು ಪುಟಕ್ಕೆ 3 ರೂಪಾಯಿ, ಕೆಳಗಡೆ 2 ಇದೆ.

ಹೋಗೋರು ಕಾಲೇಜಲ್ಲಿ ಇ-ದೃಢೀಕರಣ (ಕಾಗದಪತ್ರ ಆನ್‌ಲೈನಲ್ಲಿ ದೃಢೀಕರಿಸೋದು) ಮುಗಿಸಿ ಆ ನಂಬರ್, ಫೀಸ್ ರಸೀದಿ, ಆರ್‌ಡಿ ನಂಬರ್ ತಗೊಂಡು ಬೆಳಿಗ್ಗೆ ಹತ್ತರೊಳಗೆ ಹೋಗಿ. ಆಧಾರಿಗೆ ಲಿಂಕ್ ಆಗಿರೋ ಮೊಬೈಲನ್ನ ಚಾರ್ಜ್ ಮಾಡಿಕೊಂಡೇ ಹೋಗಿ. ಅಲ್ಲಿರೋದು ಒಂದೇ ಪ್ಲಗ್ಗು, ಅದರಲ್ಲಿ ಅವಳ ಟೇಬಲ್ ಫ್ಯಾನ್ ಓಡ್ತಿರುತ್ತೆ.