ಕೂಸು ಹುಟ್ಟುವ ಮುನ್ನವೇ ಕುಲಾವಿ ಮಾರುವ ಅಂಗಡಿ

ಮಂಗಳೂರಿನ ಹಂಪನಕಟ್ಟೆಯಿಂದ ಕೆ.ಎಸ್. ರಾವ್ ರಸ್ತೆಯ ಕಡೆಗೆ ಹೊರಟರೆ ಮೊಬೈಲ್ ಅಂಗಡಿಗಳಿಗೆ ಬರವಿಲ್ಲ. ಆ ಸಾಲಿನಲ್ಲಿರುವ ಒಂದು ಮಧ್ಯಮ ಗಾತ್ರದ ಅಂಗಡಿಯು, ಆಪಲ್ ಕಂಪನಿ ಇನ್ನೂ ಬಾಯಿ ಬಿಡದ ಫೋನಿಗೂ ಮುಂಗಡ ಪಡೆದು ಹೆಸರು ಬರೆದುಕೊಳ್ಳುತ್ತದೆ ಎಂಬ ಕಾರಣಕ್ಕೆ ನಗರದ ಐಫೋನ್ ಅಭಿಮಾನಿಗಳ ನಡುವೆ ಹೆಸರು ಮಾಡಿದೆ. ಸುರತ್ಕಲ್ಲಿನಿಂದಲೂ ಮಣಿಪಾಲದಿಂದಲೂ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ಕೆಳಗೆ ಹೇಳಿರುವ ದೋಷಗಳು ಇದೊಂದೇ ಅಂಗಡಿಯ ಸೊತ್ತಲ್ಲವಾದ್ದರಿಂದ ಒಬ್ಬರನ್ನೇ ಎತ್ತಿ ತೋರಿಸುವುದು ಸರಿಯಾಗಲಾರದು. 2025ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಅಲ್ಲಿ ಕಂಡ ವ್ಯವಹಾರವನ್ನು ಆಧರಿಸಿ ಈ ವಿಮರ್ಶೆಯನ್ನು ಬರೆದಿದ್ದೇನೆ.

ತುಳುವರ ಆಟಿ ತಿಂಗಳು ಕಳೆದು ಸೋಣ ತಿಂಗಳು ಹಿಡಿಯುವ ಹೊತ್ತಿಗೆ ನಮ್ಮಲ್ಲಿ ಚೌತಿ ಮತ್ತು ಅಷ್ಟಮಿಯ ಖರೀದಿ ಶುರುವಾಗುತ್ತದೆ. ಐಫೋನ್ ಪ್ರಿಯರಿಗೆ ಅದೇ ಗಾಳಿಸುದ್ದಿಯ ಹಂಗಾಮು. 2012ರಿಂದೀಚೆಗೆ, ಕೋವಿಡ್ ಕಾರಣದಿಂದ ಅಕ್ಟೋಬರಿಗೆ ಸರಿದ 2020ನೇ ವರ್ಷವೊಂದನ್ನು ಬಿಟ್ಟರೆ, ಆಪಲ್ ತನ್ನ ಮುಖ್ಯ ಐಫೋನ್‌ಗಳನ್ನು ಸೆಪ್ಟೆಂಬರಿನಲ್ಲೇ ಘೋಷಿಸುತ್ತ ಬಂದಿದೆ. ತಿಂಗಳು ಯಾವುದೆಂದು ಎಲ್ಲರಿಗೂ ತಿಳಿದಿರುವುದರಿಂದ ಊಹೆಯೆಲ್ಲ ಏನು ಬರುತ್ತದೆ, ಎಷ್ಟಕ್ಕೆ ಬರುತ್ತದೆ ಎಂಬುದರ ಸುತ್ತಲೇ ನಡೆಯುತ್ತದೆ. ಈ ಅಂಗಡಿಯ ಕೌಂಟರಿನ ಮುಂದೆ ಆ ದಿನಗಳಲ್ಲಿ ನಿಂತರೆ ಆಪಲ್ ವಿಷಯದ ವಿಶ್ಲೇಷಕ ಮಿಂಗ್-ಚಿ ಕುವೊ ಏನೆಂದರು, ಬ್ಲೂಮ್‌ಬರ್ಗ್‌ನ ವರದಿಗಾರ ಮಾರ್ಕ್ ಗುರ್ಮನ್ ಏನು ಬರೆದರು ಎಂಬ ಚರ್ಚೆ, ಮಾರುಕಟ್ಟೆಯಲ್ಲಿ ಬಂಗುಡೆಯ ದರ ವಿಚಾರಿಸುವಷ್ಟೇ ಸಹಜವಾಗಿ ಕಿವಿಗೆ ಬೀಳುತ್ತದೆ.

ಮೊದಲು ಒಳ್ಳೆಯದನ್ನು ಹೇಳಬೇಕು. ಘೋಷಣೆಗೆ ಇನ್ನೂ ವಾರಗಳಿರುವಾಗಲೇ ಕೌಂಟರಿನ ಕೆಳಗಿನ ರಟ್ಟಿನ ಪೆಟ್ಟಿಗೆಯಿಂದ ಸೇಲ್ಸ್ ಹುಡುಗ ಒಂದು ಬ್ಯಾಕ್ ಕವರ್ ತೆಗೆದು ತೋರಿಸಿದ. ಪ್ಲಾಸ್ಟಿಕ್ ಚೀಲದ ಮೇಲೆ ಕೈಬರಹದಲ್ಲಿ ‘17 ಪ್ರೊ’ ಎಂದು, ಆ ವರ್ಷ ಬರಲಿದ್ದ ದುಬಾರಿ ಐಫೋನ್ ಮಾದರಿಯ ಹೆಸರಿತ್ತು. ಹಿಂದಿನ ಮಾದರಿಗಳಂತೆ ಮೂಲೆಯಲ್ಲಿ ಚೌಕಾಕಾರದ ಕಿಂಡಿಯಿರಲಿಲ್ಲ. ಕವರಿನ ಮೇಲ್ಭಾಗದಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿನ ಸಮೀಪದವರೆಗೂ ಅಗಲವಾಗಿ ಕತ್ತರಿಸಿದ ತೆರಪಿತ್ತು. ಹುಡುಗ ಅದರೊಳಗೆ ಹೆಬ್ಬೆರಳು ಆಡಿಸುತ್ತ, ಕ್ಯಾಮೆರಾದ ಉಬ್ಬು ಇಲ್ಲಿಂದ ಇಲ್ಲಿಯವರೆಗೆ ಬರುತ್ತದೆ ಎಂದು ವಿವರಿಸಿದ. ಸೆಪ್ಟೆಂಬರ್ 9ರಂದು, ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆಗೆ ಆರಂಭವಾದ ಕಾರ್ಯಕ್ರಮದಲ್ಲಿ ಹೊರಬಂದ ಫೋನಿನ ಬೆನ್ನು ಹೆಚ್ಚುಕಡಿಮೆ ಹಾಗೆಯೇ ಇತ್ತು.

ಇದರಲ್ಲಿ ಪವಾಡವೇನೂ ಇಲ್ಲ. ಹೊಸ ಫೋನು ವೇದಿಕೆಯ ಮೇಲೆ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ಮೊದಲೇ ಅದರ ಅಳತೆಗಳು ಕಾರ್ಖಾನೆಗಳಲ್ಲಿ, ಬಿಡಿಭಾಗ ತಯಾರಕರಲ್ಲಿ, ಕವರ್ ಅಚ್ಚು ಹಾಕುವವರಲ್ಲಿ ಕೈಯಿಂದ ಕೈಗೆ ದಾಟಿರುತ್ತವೆ. ಸಾವಿರಾರು ಮಂದಿ ಮುಟ್ಟಿದ ವಸ್ತುವಿನ ಆಕಾರ ಗುಟ್ಟಾಗಿ ಉಳಿಯುವುದು ಕಷ್ಟ. ರಷ್ಯಾ ಮತ್ತಿತರ ದೇಶಗಳ ಒಕ್ಕೂಟದ ಯುರೇಷ್ಯನ್ ಆರ್ಥಿಕ ಆಯೋಗದಂಥ ಸಂಸ್ಥೆಗಳಲ್ಲಿ ಸಲ್ಲಿಕೆಯಾಗುವ ಮಾಡೆಲ್ ಸಂಖ್ಯೆಗಳನ್ನೂ ಪರೀಕ್ಷೆಗೆಂದು ಬಿಡುವ ಬೀಟಾ ತಂತ್ರಾಂಶದೊಳಗೆ ಉಳಿದುಹೋದ ಸಾಲುಗಳನ್ನೂ ಹೆಕ್ಕಿ ತೆಗೆಯುವ ಉತ್ಸಾಹಿಗಳು ಜಗತ್ತಿನ ತುಂಬ ಇದ್ದಾರೆ. 2010ರಲ್ಲಂತೂ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಬಾರೊಂದರಲ್ಲಿ ಐಫೋನ್ 4ರ ಪ್ರಾಯೋಗಿಕ ಫೋನನ್ನೇ ಕಂಪನಿಯ ಎಂಜಿನಿಯರೊಬ್ಬರು ಮರೆತು ಬಂದು, ಘೋಷಣೆಗೆ ವಾರಗಳ ಮುನ್ನವೇ ಅದರ ಒಳಹೊರಗು ಲೋಕಕ್ಕೆ ತಿಳಿದುಹೋಗಿತ್ತು. ಆಕಾರದ ಸುದ್ದಿಯೂ ಕೈಕೊಟ್ಟದ್ದಿದೆ: 2021ರಲ್ಲಿ ಆಪಲ್ ವಾಚ್ ಸೀರೀಸ್ 7 ಚಪ್ಪಟೆ ಅಂಚಿನದ್ದಾಗಿರುತ್ತದೆ ಎಂದು ಬಹುತೇಕ ಎಲ್ಲರೂ ನಂಬಿದ್ದರು, ಹೊರಬಂದದ್ದು ದುಂಡಗಿನ ಅಂಚಿನ ವಾಚು. ಇದನ್ನು ಕೇಳಿದಾಗ ಅಂಗಡಿಯವರು ನಕ್ಕು, ಕವರನ್ನು ಘೋಷಣೆಯ ನಂತರವೇ ಒಯ್ಯಿರಿ, ಈಗ ನೋಡುವುದಕ್ಕೆ ಮಾತ್ರ ಎಂದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರೇ ಹೀಗೆ ಎಚ್ಚರಿಸಿದ್ದು ನನಗೆ ಮೆಚ್ಚುಗೆಯಾಯಿತು.

ಕವರಿನ ವಿಷಯದಲ್ಲಿ ತೋರಿದ ಈ ಎಚ್ಚರವನ್ನು ಮುಂಗಡದ ವಿಷಯದಲ್ಲಿ ಅವರು ತೋರುವುದಿಲ್ಲ. ನನ್ನ ಮುಖ್ಯ ಆಕ್ಷೇಪವಿರುವುದು ಇಲ್ಲಿ. ಆಕಾರ ಸೋರಿಹೋಗುತ್ತದೆ, ಬೆಲೆ ಸೋರುವುದಿಲ್ಲ. ಬೆಲೆಯನ್ನು ಅಚ್ಚು ಹಾಕಬೇಕಾಗಿಲ್ಲ, ಹಡಗಿಗೆ ತುಂಬಬೇಕಾಗಿಲ್ಲ. ಬೆರಳೆಣಿಕೆಯ ಮಂದಿ ಕೊನೆಯ ಘಳಿಗೆಯವರೆಗೂ ಅದನ್ನು ತಮ್ಮಲ್ಲೇ ಇಟ್ಟುಕೊಳ್ಳಬಲ್ಲರು. ಅದರಲ್ಲೂ ಭಾರತದ ಬೆಲೆಯನ್ನು ಅಮೆರಿಕದ ಡಾಲರ್ ಲೆಕ್ಕದಿಂದ ಊಹಿಸಲು ಹೊರಟವರು ಪ್ರತಿವರ್ಷ ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುತ್ತಾರೆ. ಹೀಗಿದ್ದೂ ಈ ಅಂಗಡಿಯವರು ಆಗಸ್ಟಿನಲ್ಲೇ ಒಂದು ‘ಅಂದಾಜು ಬೆಲೆ’ಯನ್ನು ಹೇಳಿ, ಅದರ ಆಧಾರದ ಮೇಲೆ ಮುಂಗಡದ ಮೊತ್ತವನ್ನು ನಿಗದಿಪಡಿಸುತ್ತಾರೆ.

2025ರಲ್ಲಿ ಆದದ್ದನ್ನೇ ನೋಡಬಹುದು. ಬೆಲೆ ಏರುತ್ತದೆ ಎಂಬುದು ಆ ವರ್ಷದ ಸಾರ್ವತ್ರಿಕ ಊಹೆಯಾಗಿತ್ತು. ಐಫೋನ್ 17ರ ಆರಂಭಿಕ ಬೆಲೆ 82,900 ರೂಪಾಯಿ ಎಂದು ಘೋಷಣೆಯಾಯಿತು. ಹಿಂದಿನ ವರ್ಷ ಐಫೋನ್ 16 ಶುರುವಾದದ್ದು 79,900ಕ್ಕೆ. ಮೇಲ್ನೋಟಕ್ಕೆ ಮೂರು ಸಾವಿರ ಏರಿಕೆ. ಆದರೆ 16ರ ಆ ಬೆಲೆ 128 ಜಿಬಿಯದು, 17ರದ್ದು 256 ಜಿಬಿಯದು. 256 ಜಿಬಿಯ 16 ಬಿಡುಗಡೆಯಾದಾಗ 89,900 ಇದ್ದುದರಿಂದ, ಅಷ್ಟೇ ಸಂಗ್ರಹ ಬೇಕಾದವರಿಗೆ ಏಳು ಸಾವಿರ ಇಳಿದಂತಾಯಿತು. ಪ್ರೊ ಮಾದರಿಯಲ್ಲಿ ಇದಕ್ಕೆ ತದ್ವಿರುದ್ಧ: 256 ಜಿಬಿಯ 16 ಪ್ರೊ 1,29,900ಕ್ಕೆ ಬಂದಿತ್ತು, 17 ಪ್ರೊ 1,34,900ಕ್ಕೆ ಬಂತು. ಒಂದೇ ವರ್ಷದಲ್ಲಿ ಒಂದು ಮಾದರಿ ಅಗ್ಗವಾಗಿ ಇನ್ನೊಂದು ದುಬಾರಿಯಾದಾಗ ‘ಏರುತ್ತದೆ’ ಎಂಬ ಊಹೆ ಸರಿಯಾಯಿತೋ ತಪ್ಪಾಯಿತೋ ಎಂದು ಹೇಳುವುದಾದರೂ ಹೇಗೆ? ತೆಳುವಾದ ಮಾದರಿಯ ಹೆಸರೂ ಎಲ್ಲರ ನಿರೀಕ್ಷೆಯಂತೆ ‘17 ಏರ್’ ಆಗದೆ ಬರೀ ‘ಐಫೋನ್ ಏರ್’ ಆಯಿತು. ಅಂಗಡಿಯ ಪುಸ್ತಕದಲ್ಲಿ ‘17 ಏರ್’ ಎಂದು ಬರೆದಿದ್ದ ಸಾಲುಗಳನ್ನು ಆಮೇಲೆ ಹೊಡೆದು ತಿದ್ದಿದ್ದರು.

ಮುಂಗಡಕ್ಕೆ ಕೊಡುವುದು ಅಂಗಡಿಯ ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ಮೊತ್ತ ಮತ್ತು ತಾರೀಕು ಗೀಚಿದ ಚೀಟಿ. ಅದರಲ್ಲಿ ಮಾದರಿ ಯಾವುದು, ಬಣ್ಣ ಯಾವುದು, ಬೆಲೆ ಹೆಚ್ಚಾದರೆ ಏನು, ಹಣ ಹಿಂದಿರುಗಿಸುವ ನಿಯಮವೇನು ಎಂಬುದರ ಸುಳಿವೇ ಇಲ್ಲ. ಬೇಡವೆಂದವರಿಗೆ ಹಣ ಸಿಗುವುದಿಲ್ಲ. ಅದೇ ಮೊತ್ತಕ್ಕೆ ಇಯರ್‌ಫೋನ್, ಚಾರ್ಜರ್ ಮುಂತಾದ ಏನನ್ನಾದರೂ ಕೊಳ್ಳಬೇಕೆಂದು ಹೇಳುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಮಾರಿದ ವಸ್ತುವಿಗೆ ಬಿಲ್ಲು ಅಥವಾ ರಸೀದಿ ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ ಎಂಬುದನ್ನು ತಿಳಿದೂ, ಇನ್ನೂ ಅಸ್ತಿತ್ವದಲ್ಲೇ ಇಲ್ಲದ ವಸ್ತುವಿನ ಹೆಸರಿನಲ್ಲಿ ಸಾವಿರಗಟ್ಟಲೆ ರೂಪಾಯಿ ಪಡೆದು ಚೀಟಿ ಕೊಟ್ಟು ಕಳುಹಿಸುವ ಧೈರ್ಯ ಹೇಗೆ ಬರುತ್ತದೋ ತಿಳಿಯದು. ಅಧಿಕೃತ ಮುಂಗಡ ಬುಕಿಂಗ್ ಘೋಷಣೆಯಾದ ವಾರದಲ್ಲೇ, ಅಂದರೆ ಸೆಪ್ಟೆಂಬರ್ 12ರಂದು, ಶುರುವಾಯಿತು, ಮಾರಾಟ 19ರಂದು. ಘೋಷಣೆಯ ಮರುದಿನ ಹಣ ಕಟ್ಟಿದ್ದರೂ ಸಾಕಾಗುತ್ತಿತ್ತು ಎಂದ ಮೇಲೆ ಆಗಸ್ಟಿನ ಮುಂಗಡದಿಂದ ಗ್ರಾಹಕನಿಗೆ ದಕ್ಕುವ ಲಾಭವಾದರೂ ಏನು? ಸರದಿಯಲ್ಲಿ ಮೊದಲ ಸ್ಥಾನ ಎಂಬುದು ಅಂಗಡಿಯವರ ಉತ್ತರ. ಅದನ್ನೂ ಅವರು ಬರೆದು ಕೊಡುವುದಿಲ್ಲ.

ಹಳೆಯ ಮಾದರಿ ಕೊಳ್ಳುವವರಿಗೆ ಮಾತ್ರ ಇಲ್ಲಿ ಸಿಗುವ ಸಲಹೆ ಅಪ್ಪಟ. ಆಗಸ್ಟಿನಲ್ಲಿ ಐಫೋನ್ 16 ಕೇಳಿಕೊಂಡು ಬಂದ ದಂಪತಿಗೆ, ತುರ್ತಿಲ್ಲದಿದ್ದರೆ ಘೋಷಣೆ ಮುಗಿಯಲಿ ಎಂದು ಹೇಳಿ ಕಳುಹಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೈಗೆ ಬಂದ ವ್ಯಾಪಾರವನ್ನು ಬಿಟ್ಟುಕೊಡುವ ವ್ಯಾಪಾರಿಗಳು ಹೆಚ್ಚು ಮಂದಿ ಇಲ್ಲ. 17 ಬಂದೊಡನೆ 16ರ ಅಧಿಕೃತ ಬೆಲೆ 69,900ಕ್ಕೆ ಇಳಿಯಿತು; ಹಿಂದಿನ ವರ್ಷ 15ರ ವಿಷಯದಲ್ಲೂ ಇದೇ ನಡೆದಿತ್ತು. ಪ್ರೊ ಮಾದರಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಹೊಸ ಪ್ರೊ ಬಂದೊಡನೆ ಹಳೆಯ ಪ್ರೊ ಆಪಲ್‌ನ ಪಟ್ಟಿಯಿಂದಲೇ ಮಾಯವಾಗುತ್ತದೆ, ಉಳಿಯುವುದು ಅಂಗಡಿಗಳ ದಾಸ್ತಾನು ಮಾತ್ರ. ಆದ್ದರಿಂದ 16 ಪ್ರೊ ಬೇಕಾದವರಿಗೆ, ನಿಮ್ಮ ಬಣ್ಣ ಇರುವಾಗಲೇ ಚೌಕಾಸಿ ಮಾಡಿ ಒಯ್ಯಿರಿ ಎನ್ನುತ್ತಿದ್ದರು. ಊಹಾಪೋಹಗಳ ರಾಶಿಯಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದು ವರ್ಷವರ್ಷವೂ ಮರುಕಳಿಸುವ ಇಂಥ ನಡೆಗಳೇ ಹೊರತು ಯಾರೋ ಹರಿಯಬಿಟ್ಟ ಚಿತ್ರಗಳಲ್ಲ.

ಜಿಎಸ್‌ಟಿಯ ಗೊಂದಲವನ್ನೂ ಅವರು ಪ್ರಾಮಾಣಿಕವಾಗಿ ನಿಭಾಯಿಸಿದರು. ಆ ಆಗಸ್ಟ್ 15ರಂದು ತೆರಿಗೆ ಸುಧಾರಣೆಯ ಮಾತು ಬಂದಂದಿನಿಂದ ಮೊಬೈಲ್ ಅಗ್ಗವಾಗುತ್ತದೆ ಎಂದು ಕಾದವರು ಬಹಳ. ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿ, ಎಸಿಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು. ಮೊಬೈಲ್ ಮೊದಲೇ ಶೇ. 18ರಲ್ಲಿತ್ತು, ಅಲ್ಲೇ ಉಳಿಯಿತು. ‘ಜಿಎಸ್‌ಟಿ ಆಫರ್’ ಎಂಬ ಫಲಕ ತೂಗುಹಾಕಿ ಜನರ ಕಣ್ಣಿಗೆ ಮಣ್ಣೆರಚುವ ಅವಕಾಶವಿದ್ದರೂ ಇವರು ಆ ಕೆಲಸ ಮಾಡಲಿಲ್ಲ.

ನಮ್ಮ ಕರಾವಳಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಬೇರೆಯೇ ಇದೆ. ಇಲ್ಲಿ ಪ್ರತಿ ಎರಡನೇ ಮನೆಯವರಿಗೂ ಗಲ್ಫಿನಲ್ಲಿ ಒಬ್ಬ ಅಣ್ಣನೋ ಭಾವನೋ ಇರುತ್ತಾರೆ, ಹೊಸ ಐಫೋನ್ ದುಬೈಯಿಂದ ಬರುವುದೇ ವಾಡಿಕೆ. ಸಿಮ್ ಹಾಕುವ ಟ್ರೇ ಈ ಬಾರಿ ಇನ್ನಷ್ಟು ದೇಶಗಳಲ್ಲಿ ಇರುವುದಿಲ್ಲ ಎಂಬ ಸುದ್ದಿ ಬೇಸಿಗೆಯಿಂದಲೂ ಹರಿದಾಡುತ್ತಿತ್ತು, ಮತ್ತು ಅದು ನಿಜವಾಯಿತು. ಅಮೆರಿಕದಲ್ಲಿ ಐಫೋನ್ 14ರಿಂದಲೇ ಟ್ರೇ ಇಲ್ಲ. 17ರ ಸರಣಿಯಲ್ಲಿ ಯುಎಇ, ಸೌದಿ ಅರೇಬಿಯಾ, ಕತಾರ್, ಕುವೈತ್, ಒಮಾನ್, ಬಹ್ರೇನ್ ಕೂಡ ಆ ಪಟ್ಟಿಗೆ ಸೇರಿದವು. ಭಾರತದಲ್ಲಿ ಮಾರುವ 17 ಮತ್ತು 17 ಪ್ರೊಗಳಲ್ಲಿ ಟ್ರೇ ಇದೆ. ಏರ್ ಮಾದರಿಗೆ ಮಾತ್ರ ಎಲ್ಲಿಯೂ ಇಲ್ಲ. ಕೌಂಟರಿನ ಹಿರಿಯ ಸಿಬ್ಬಂದಿಯೊಬ್ಬರು ಈ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗಾಜಿಗೆ ಅಂಟಿಸಿದ್ದರು. ಭಾವನಿಂದ ತರಿಸುವ ಯೋಚನೆಯಿದ್ದ ಒಬ್ಬರಿಗೆ, ನಿಮ್ಮ ಅಮ್ಮ ಸಿಮ್ ತೆಗೆದು ಹಳೆಯ ಫೋನಿಗೆ ಹಾಕಿಕೊಳ್ಳುವವರಾದರೆ ದುಬೈಯದು ಬೇಡ, ಕಾರ್ಡಿಲ್ಲದೆ ಫೋನಿನೊಳಗೇ ಇರುವ ಇ-ಸಿಮ್ ಸಾಕು ಎನ್ನುವವರಾದರೆ ತರಿಸಿ ಎಂದು ತುಳುವಿನಲ್ಲಿ ಬಿಡಿಸಿ ಹೇಳುತ್ತಿದ್ದುದನ್ನು ಕೇಳಿದೆ. ಇಷ್ಟು ನೇರವಾದ ಉತ್ತರ ನನಗೆ ಬೇರೆ ಅಂಗಡಿಗಳಲ್ಲಿ ಸಿಕ್ಕಿಲ್ಲ.

ಯುವ ಸಿಬ್ಬಂದಿಯ ಮಾತಿನ ಮೇಲೆ ಅಷ್ಟು ಭರವಸೆಯಿಡಲಾಗದು. ಕಂಪನಿ ಘೋಷಿಸಿದ್ದೆಲ್ಲ ಬಂದೇ ಬರುತ್ತದೆ ಎಂದು ಅವರು ತಿಳಿದಂತಿದೆ. ವೈರ್ ಇಲ್ಲದೆ ಮೂರು ಸಾಧನಗಳನ್ನು ಚಾರ್ಜ್ ಮಾಡುವ ಏರ್‌ಪವರ್ ಎಂಬ ಚಾಪೆಯನ್ನು ಆಪಲ್ 2017ರ ಸೆಪ್ಟೆಂಬರಿನಲ್ಲಿ ವೇದಿಕೆಯ ಮೇಲೆಯೇ ಘೋಷಿಸಿ, 2019ರ ಮಾರ್ಚಿನಲ್ಲಿ ಕೈಬಿಟ್ಟಿತು. 2024ರ ಜೂನಿನಲ್ಲಿ ತೋರಿಸಿದ, ಸಿರಿ ಎಂಬ ಧ್ವನಿ ಸಹಾಯಕದ ಹೊಸ ರೂಪವನ್ನು 2025ರ ಮಾರ್ಚಿನಲ್ಲಿ ಮುಂದೂಡಿತು. ಈ ಅಂಗಡಿಯಲ್ಲಿ ಮಾತ್ರ ಮುಂದೂಡಿಕೆಯ ಎಷ್ಟೋ ತಿಂಗಳ ನಂತರವೂ ‘ಸಿರಿ ಮುಂದಿನ ಅಪ್‌ಡೇಟಿನಲ್ಲಿ ಬರುತ್ತದೆ ಸರ್’ ಎಂದು ಫೋನ್ ಮಾರುತ್ತಿದ್ದರು. ಮಡಚುವ ಐಫೋನಿನ ಬಗ್ಗೆ ಕೇಳಿದರಂತೂ ನಾಳೆಯೇ ಕೊರಿಯರ್ ಬರಲಿದೆಯೇನೋ ಎಂಬಂಥ ಉತ್ಸಾಹ. ಆ ಸುದ್ದಿಗೆ ವರ್ಷಗಳೇ ಆಗಿವೆ.

ಆಪಲ್‌ನ ಸ್ವಂತ ಮಳಿಗೆ ಕರ್ನಾಟಕದಲ್ಲಿ ಇರುವುದು ಬೆಂಗಳೂರಿನ ಹೆಬ್ಬಾಳದಲ್ಲಿ, 2025ರ ಸೆಪ್ಟೆಂಬರ್ 2ರಿಂದ. ಶಿರಾಡಿ ಘಾಟಿ ಮಳೆಗಾಲದಲ್ಲಿ ಯಾವಾಗ ಕುಸಿಯುತ್ತದೋ ತಿಳಿಯದ ನಮಗೆ ಊರಿನ ಅಂಗಡಿಯೇ ಗತಿ. ಆದ್ದರಿಂದ ನನ್ನ ಶಿಫಾರಸು ಹೀಗಿದೆ: ಹಳೆಯ ಮಾದರಿಯ ಖರೀದಿ, ಗಲ್ಫ್ ಫೋನಿನ ವಿಚಾರಣೆ, ಕವರ್ ಮತ್ತು ಗಾಜು ಅಂಟಿಸುವ ಕೆಲಸ, ಇವುಗಳಿಗೆ ಇಲ್ಲಿಗೆ ಧಾರಾಳವಾಗಿ ಹೋಗಬಹುದು. ಗಾಜನ್ನು ಒಂದು ಗುಳ್ಳೆಯೂ ಏಳದಂತೆ ಅಂಟಿಸುತ್ತಾರೆ, ತಪ್ಪಿದರೆ ಹಣ ಕೇಳದೆ ಇನ್ನೊಂದನ್ನು ಹಾಕುತ್ತಾರೆ. ಘೋಷಣೆಯಾಗದ ಫೋನಿಗೆ ಮುಂಗಡವನ್ನು ಮಾತ್ರ ಕೊಡಬೇಡಿ. ಕೊಡಲೇಬೇಕೆನಿಸಿದರೆ ಮಾದರಿ, ಸಂಗ್ರಹ, ಬಣ್ಣ ಮತ್ತು ಹಣ ವಾಪಸಾತಿಯ ಷರತ್ತು ಬರೆದ, ಅಂಗಡಿಯ ಮೊಹರಿರುವ ರಸೀದಿಯನ್ನು ಕೇಳಿ ಪಡೆಯಿರಿ. ಒತ್ತಾಯಿಸಿದವರಿಗೆ ಅದನ್ನು ಕೊಟ್ಟದ್ದನ್ನೂ ನೋಡಿದ್ದೇನೆ. ವಾಹನ ನಿಲ್ಲಿಸಲು ಅಂಗಡಿಯ ಮುಂದೆ ಜಾಗವಿಲ್ಲ, ಸಂಜೆಯ ಹೊತ್ತು ಬಸ್ಸಿನಲ್ಲಿ ಹೋಗುವುದೇ ಮೇಲು.