ಬಾಗಿಲು, ಫೋನ್, ಅಂಚೆ ಕಾರ್ಡ್: ಈರಿ ಕೌಂಟಿಯಲ್ಲಿ ಯಾವುದು?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಈರಿ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ಚುನಾವಣೆಯ ಹೊತ್ತಿಗೆ ಪಕ್ಷಕ್ಕಾಗಿ ದುಡಿಯಲು ಮನೆ ಭೇಟಿ, ಫೋನ್ ಕರೆ, ಅಂಚೆ ಕಾರ್ಡ್ ಎಂಬ ಮೂರು ದಾರಿಗಳಲ್ಲಿ ಯಾವುದು ಮೇಲು ಎಂದು ಕೇಳಿದ್ದೀರಿ. 2016ರಲ್ಲಿ ಟ್ರಂಪ್, 2020ರಲ್ಲಿ ಬೈಡನ್, 2024ರಲ್ಲಿ ಮತ್ತೆ ಟ್ರಂಪ್ ಕೈಹಿಡಿದ ಕೌಂಟಿ ಇದು. 2020ರ ಅಂತರ ಸುಮಾರು 1,400 ಮತ.

ಪರಿಣಾಮದಲ್ಲಿ ಮನೆ ಭೇಟಿಯೇ ಮುಂದು. 1998ರಲ್ಲಿ ರಾಜಕೀಯ ವಿಜ್ಞಾನಿಗಳಾದ ಗರ್ಬರ್ ಮತ್ತು ಗ್ರೀನ್ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ನಡೆಸಿದ ಪ್ರಯೋಗದಲ್ಲಿ ಮುಖಾಮುಖಿ ಮಾತು ಮತದಾನವನ್ನು ಗಣನೀಯವಾಗಿ ಹೆಚ್ಚಿಸಿತು. ಅಂಚೆಯ ಪರಿಣಾಮ ಅಲ್ಪ, ಫೋನಿನದು ಶೂನ್ಯ. ಅವು ಹಣ ಕೊಟ್ಟು ಮಾಡಿಸಿದ ಕರೆಗಳು ಎನ್ನುವುದನ್ನೂ ಮರೆಯಬಾರದು; ಆತುರವಿಲ್ಲದೆ ಮಾತನಾಡುವ ಸ್ವಯಂಸೇವಕರ ಕರೆಗೆ ಬೆಲೆಯಿದೆ.

ಮನೆ ಭೇಟಿ ಏಕೆ ಬೇಕು ಎನ್ನಲು ಅಂಚೆ ಮತವನ್ನೇ ನೋಡಿ. ಮತಪತ್ರವನ್ನು ಒಳಲಕೋಟೆಯಲ್ಲಿಟ್ಟು, ಹೊರಲಕೋಟೆಗೆ ಸಹಿ ಹಾಕಿ, ಚುನಾವಣೆಯ ದಿನ ರಾತ್ರಿ 8ರೊಳಗೆ ಕೌಂಟಿಯ ಚುನಾವಣಾ ಕಚೇರಿಗೆ ತಲುಪಿಸಬೇಕು. ಒಳಲಕೋಟೆ ಮರೆತರೆ ಮತ ವ್ಯರ್ಥ. ಇದನ್ನು ಬಾಗಿಲಲ್ಲಿ ನಿಂತು ತೋರಿಸಿಕೊಡಲು ಅದೇ ಬೀದಿಯ ಬೂತ್ ಸಮಿತಿ ಸದಸ್ಯರಿಗಿಂತ ತಕ್ಕವರಿಲ್ಲ.

ಶ್ರಮದ ಲೆಕ್ಕ ಬೇರೆ. ಮನೆಗಳು ಒತ್ತೊತ್ತಾಗಿರುವ ಈರಿ ನಗರದಲ್ಲಿ ನಡಿಗೆ ಲಾಭದಾಯಕ. ತೋಟ, ಹೊಲಗಳ ನಡುವೆ ಚದುರಿದ ಮನೆಗಳಿಗೆ ಫೋನೇ ಸರಿ. ಅಪರಿಚಿತರೊಡನೆ ಮಾತಿಗೆ ಅಂಜುವವರು, ದೂರದ ರಾಜ್ಯದಲ್ಲಿರುವವರು ಅಂಚೆ ಕಾರ್ಡ್ ಬರೆಯಲಿ. ಅಂಚೆ ಚೀಟಿಯ ಖರ್ಚು ಮಾತ್ರ ಕೈಯಿಂದಲೇ.